ಜ್ವರ ಜಾಡಿಸುವ ದಿಕ್ಕು

ಇವತ್ತು ಬೆಳಿಗ್ಗೆ ಮಗಳ ಮೈ ಬಿಸಿಯಿತ್ತು. ಡಿಜಿಟಲ್ ಥರ್ಮಾಮೀಟರ್ ಬೀಪ್ ಎಂದದ್ದೇ ತಡ, ನನ್ನ ಕೈ ತಾನಾಗಿಯೇ ಅದನ್ನು ಕಿಟಕಿಯತ್ತ ಜಾಡಿಸಿತು.

“ಅಮ್ಮಾ, ಬ್ಯಾಟರಿ ಥರ್ಮಾಮೀಟರನ್ನ ಯಾಕೆ ಜಾಡಿಸ್ತೀಯಾ?”

ನಾನು ಚಿಕ್ಕವಳಿದ್ದಾಗ ಕುಶಾಲನಗರದ ಹತ್ತಿರದ ನಮ್ಮ ಮನೆಯಲ್ಲಿ ಇದ್ದದ್ದು ಗಾಜಿನ ಥರ್ಮಾಮೀಟರ್. ನನ್ನ ಜ್ವರ ನೋಡಿದ ಮೇಲೆ ಪಾದರಸ ಇಳಿಯಲೆಂದು ಅಮ್ಮ ಅದನ್ನು ಜಾಡಿಸುತ್ತಿದ್ದಳು. ಅಜ್ಜಿಯ ನಂಬಿಕೆಯೇ ಬೇರೆ. ಆ ಕಡ್ಡಿ ಮೈಯೊಳಗಿನ ಜ್ವರವನ್ನು ಹೀರಿಕೊಳ್ಳುತ್ತದೆ, ಜಾಡಿಸಿದರೆ ಹೊರಗೆ ಚೆಲ್ಲುತ್ತದೆ. ದೃಷ್ಟಿ ತೆಗೆದದ್ದನ್ನು ಕಂಡಕಂಡಲ್ಲಿ ಎಸೆಯಲಾದೀತೇ?

“ಒಳಗೆ ಜಾಡಿಸ್ಬ್ಯಾಡ ಕಣೇ! ಕೊಟ್ಟಿಗೆ ಕಡೀಕೂ ಬ್ಯಾಡ, ಗಬ್ಬದ ಹಸ ಐತೆ. ಶುಂಠಿ ಹೊಲದ ಕಡೀಕಂತೂ ಬ್ಯಾಡ್ವೇ ಬ್ಯಾಡ, ಗೆಡ್ಡೆ ಕೊಳ್ತೋಯ್ತದೆ!”

ಉಳಿದದ್ದು ಪಕ್ಕದ ಮನೆಯ ಜಯಕ್ಕನ ಬೇಲಿ. ಅಮ್ಮ ಅತ್ತ ಜಾಡಿಸಿದಳು. ಮರುದಿನವೇ ಜಯಕ್ಕನ ಗಂಡ ಕಂಬಳಿ ಹೊದ್ದು ಮಲಗಿದ.

ಜಯಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಬೇಲಿಗೆ ಬಂದಳು. “ನಿಮ್ಮ ಹುಡುಗಿ ಜ್ವರಾನ ನಮ್ಮನೆಗೆ ಜಾಡಿಸಿದ್ರಲ್ಲ, ನಾನೇನು ನೋಡ್ಲಿಲ್ವಾ?”

ಅಮ್ಮ ಪಾದರಸದ ವಿಷಯ ಹೇಳಹೊರಟಳು. ಅಜ್ಜಿ ಅವಳನ್ನು ಹಿಂದಕ್ಕೆ ತಳ್ಳಿ, ಥರ್ಮಾಮೀಟರನ್ನೇ ಜಯಕ್ಕನ ಕೈಗಿಟ್ಟಳು. “ತಗೊಂಡೋಗವ್ವ, ನೀನೂ ತೆಗ್ದು ಜಾಡ್ಸು. ಇತ್ಲಾಗೆ ಮಾತ್ರ ಬ್ಯಾಡ.”

ಜಯಕ್ಕ ಗಂಡನ ಜ್ವರ ನೋಡಿ, ತನ್ನ ಮನೆಯಾಚೆಯ ಬೇಲಿಗೆ ಜಾಡಿಸಿದಳು. ಆ ಮನೆಯವರಿಗೂ ಥರ್ಮಾಮೀಟರ್ ಬೇಕಾಯಿತು. ಹೀಗೆ ಅದು ಬೇಲಿ ದಾಟಿ ದಾಟಿ ಬೀದಿಯ ಕೊನೆ ಮನೆ ತಲುಪಿತು, ಜ್ವರವೂ ಅದರ ಬೆನ್ನಿಗೇ ಹೋಯಿತು. ಅಜ್ಜಿ ಹೇಳಿದ್ದು ಇಡೀ ಬೀದಿಗೆ ಖಾತ್ರಿಯಾಯಿತು. ಆ ಕಡ್ಡಿಯನ್ನು ನಡುವೆ ಒಬ್ಬರಾದರೂ ತೊಳೆದದ್ದು ಮಾತ್ರ ನನಗೆ ನೆನಪಿಲ್ಲ.

ಮಗಳಿಗೆ ಇಷ್ಟನ್ನೂ ಹೇಳಿ ಮುಗಿಸುವಾಗ, ಕಿಟಕಿಯಾಚೆ ಪಕ್ಕದ ಮನೆಯವರು ಜೋರಾಗಿ ಸೀನಿದರು.

ನಾನು ಮೆಲ್ಲಗೆ ಕಿಟಕಿ ಹಾಕಿದೆ.