ಅತ್ತೆಯ ಕೆನ್ನೆ, ಹುಳುಗಳ ಏಸಿ

ನಮ್ಮ ಅತ್ತೆ ಸೊಣ್ಣಮ್ಮ, ಗಂಡ ಕೈಮುಗಿದು ಬೇಡಿಕೊಂಡರೂ ಬಿಡದ ಹೊಗೆಸೊಪ್ಪನ್ನು ರೇಷ್ಮೆ ಹುಳುಗಳಿಗಾಗಿ ಒಂದೇ ದಿನದಲ್ಲಿ ಬಿಟ್ಟವರು. ಮಾವ ಬದುಕಿದ್ದಾಗ ಮನೆಗೆ ಬಂದವರಿಗೆಲ್ಲ ಇದನ್ನು ಹೇಳಿಕೊಂಡು ಕೊರಗುತ್ತಿದ್ದರಂತೆ. ಹೊಗೆಸೊಪ್ಪಿನ ವಾಸನೆಗೆ ಹುಳು ಸಾಯುತ್ತದೆ, ಗಂಡ ಸಾಯುವುದಿಲ್ಲ ಎಂಬುದು ಅತ್ತೆಯ ವಾದ.

ಸೇಲಮ್ ಕಡೆಯ ನಲ್ಲಂಪಳ್ಳಿ ಪಕ್ಕದ ನಮ್ಮೂರಿನಲ್ಲಿ ಅವರದು ಚಾಕಿ ಸಾಕಣೆ. ಅಂದರೆ ಮೊಟ್ಟೆ ತಂದು, ಮರಿ ಮಾಡಿಸಿ, ಎರಡನೇ ಜ್ವರ ದಾಟುವ ತನಕ ಸಾಕಿ, ಆಮೇಲೆ ಊರಿನ ರೈತರ ಮನೆಗಳಿಗೆ ಹಂಚುವುದು. ಜ್ವರ ಅಂದರೆ ಕಾಯಿಲೆಯಲ್ಲ. ಹುಳು ಮೇವು ಬಿಟ್ಟು, ತಲೆಯೆತ್ತಿ ಕೂತು, ಪೊರೆ ಕಳಚುವುದಕ್ಕೆ ಇಲ್ಲಿ ಹಾಗನ್ನುತ್ತಾರೆ. ಮೂವತ್ತು ವರ್ಷದಲ್ಲಿ ಅವರ ಕೈಯಲ್ಲಿ ಒಂದು ಸಲವೂ ಹುಳು ಕೆಟ್ಟಿಲ್ಲ. ಇದನ್ನು ಅವರು ಬಾಯಿಬಿಟ್ಟು ಹೇಳುವುದಿಲ್ಲ, ನಡಿಗೆಯಲ್ಲಿ ತೋರಿಸುತ್ತಾರೆ.

ಸೊಸೆಯಾಗಿ ಬಂದ ನನ್ನ ಗತಿ ಕೇಳಿ. ಪೌಡರ್ ಹಚ್ಚುವಂತಿಲ್ಲ, ಸೆಂಟ್ ಮುಟ್ಟುವಂತಿಲ್ಲ, ಸೊಳ್ಳೆಬತ್ತಿಯಂತೂ ಮನೆಯೊಳಗೇ ಬರುವಂತಿಲ್ಲ. ಮದುವೆಯಾದ ಮೂರನೇ ದಿನ ಮಲ್ಲಿಗೆ ಮುಡಿದು ಹುಳುವಿನ ಕೋಣೆಯ ಬಾಗಿಲಿಗೆ ಹೋದೆ. ಅತ್ತೆ ಮೂಗು ಅರಳಿಸಿ, "ಓಗಿ ತೆಗ್ದಿಕ್ಕಿ ಬಾಮ್ಮ ವಾಣಿ" ಅಂದರು. ಅದೂ ಹೋಗಲಿ. ಶಂಕಗಿರಿಯ ಲಾರಿ ಆಫೀಸಿನಲ್ಲಿ ಬೆವರು ಒರೆಸಿಕೊಂಡೇ ಆಯುಷ್ಯ ಕಳೆದ ನಮ್ಮಪ್ಪ, ಮಗಳಾದರೂ ತಣ್ಣಗಿರಲಿ ಅಂತ ಮದುವೆಗೆ ಒಂದು ಏಸಿ ಕೊಟ್ಟಿದ್ದರು. ನಮ್ಮ ರೂಮಿನಲ್ಲಿ ಅದು ಹನ್ನೊಂದು ದಿನ ಇತ್ತು. ಹುಳುವಿನ ಕೋಣೆಯ ಕೂಲರ್ ಕೆಟ್ಟಾಗ "ಈ ಒಂದು ಸಲ" ಅಂತ ಅತ್ತೆ ಅದನ್ನು ಅಲ್ಲಿಗೆ ಹಾಕಿಸಿಕೊಂಡರು. ಎರಡು ಬೇಸಿಗೆ ಕಳೆದವು. ನನಗೆ ಹೊಟ್ಟೆ ಉರಿಯುತ್ತಿತ್ತು, ಮೈಯೂ ಉರಿಯುತ್ತಿತ್ತು.

ಈ ಏಪ್ರಿಲ್‌ನಲ್ಲಿ, ಮೊದಲ ಜ್ವರ ಮುಗಿದ ಮರುದಿನ ಬೆಳಿಗ್ಗೆ ಅತ್ತೆ ಕೋಣೆಯಿಂದ ಹೊರಗೆ ಬಂದು, "ಒಳಗೆ ತಣ್ಣಗೈತೆ, ಉಳ ಮೇಯ್ತಾ ಇಲ್ಲ" ಅಂದರು.

ನನ್ನ ಗಂಡ ಮಾದೇಶ್ ಡ್ಯೂಟಿಗೆ ಹೊರಟು ನಿಂತಿದ್ದ. "ಅಮ್ಮಾ, ಏಸಿ ಮೇಲೆ ಇಪ್ಪತ್ತೇಳು ಅಂತ ಐತೆ ನೋಡು. ಇಪ್ಪತ್ತೇಳೇ ತಾನೇ ಬೇಕು?"

"ಬರ್ದಿರಾದು ಬರ್ದಿರ್ಲಿ ಕಣ್ಲಾ. ತಣ್ಣಗೈತೆ."

ಗೋಡೆಯ ಥರ್ಮಾಮೀಟರ್ ಇಪ್ಪತ್ತೆರಡು ತೋರಿಸುತ್ತಿತ್ತು. ಮಾದೇಶ್ "ಅದಕ್ಕೆ ನನಗಿಂತ ವಯಸ್ಸಾಗೈತೆ" ಅಂತ ನಕ್ಕು ಬಸ್ಸು ಹತ್ತಿದ. ಏಸಿಯ ಮೇಲಿದ್ದದ್ದು ನಾವು ಕೇಳಿದ ಅಂಕಿ, ಅದು ಕೊಟ್ಟ ಅಂಕಿಯಲ್ಲ ಎಂಬುದು ಅವನಿಗೂ ಹೊಳೆಯಲಿಲ್ಲ, ಬಿ.ಕಾಂ. ಓದಿದ ನನಗೂ ಹೊಳೆಯಲಿಲ್ಲ.

ಚಳಿಗೆ ಹುಳು ಮೇಯದಿದ್ದರೆ ಒಂದು ಹುಳು ಜ್ವರಕ್ಕೆ ಕೂರುತ್ತದೆ, ಇನ್ನೊಂದು ತಿನ್ನುತ್ತಿರುತ್ತದೆ. ಹಾಗೆ ಏರುಪೇರಾದರೆ ಅಷ್ಟನ್ನೂ ಗುಂಡಿಗೆ ಹಾಕಬೇಕು. ನಾಲ್ಕು ಮನೆಯವರು ತೋಟದಲ್ಲಿ ಹಿಪ್ಪುನೇರಳೆ ಸೊಪ್ಪು ಬೆಳೆಸಿಕೊಂಡು ಇವೇ ಹುಳುಗಳಿಗೆ ಕಾಯುತ್ತಿದ್ದರು. ಅತ್ತೆಯ ಮುಖ ಸಣ್ಣಗಾಗಿತ್ತು. ಅವರ ಮುಖ ಸಣ್ಣಗಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

ಓಮಲೂರಿನ ಮೆಕ್ಯಾನಿಕ್ ಕುಪ್ಪುಸ್ವಾಮಿಗೆ ಫೋನ್ ಮಾಡಿದೆ. ಆತ ಬೀಡಿ ಸೇದಿ, ಬೀಡಿ ವಾಸನೆ ಮುಚ್ಚಲು ಸೆಂಟ್ ಹೊಡೆದುಕೊಂಡು ಬಂದ. ಅತ್ತೆ ಬಾಗಿಲಿಗೆ ಅಡ್ಡ ನಿಂತರು.

"ಅಲ್ಲೇ ನಿಲ್ಲಪ್ಪ."

"ಒಳಗ್ ಬರ್ದೆ ಏಸಿ ಎಂಗಮ್ಮಾ ನೋಡ್ಲಿ?"

"ಬಾಯಾಗೆ ಏಳು. ನನ್ ಸೊಸೆ ಮಾಡ್ತಾಳೆ. ಓದವ್ಳೆ."

ಕುಪ್ಪುಸ್ವಾಮಿ ಅಂಗಳದಲ್ಲೇ ನಿಂತು, "ತಣ್ಣಗಾಗ್ತಾ ಇಲ್ಲ ಅಂದ್ರೆ ಗ್ಯಾಸ್ ಓಗೈತೆ" ಅಂದ.

"ಅಣ್ಣಾ, ಜಾಸ್ತಿ ತಣ್ಣಗಾಗ್ತಾ ಐತೆ" ಅಂದೆ.

"ಅಂಗಾದ್ರೆ ಗ್ಯಾಸ್ ಜಾಸ್ತಿ ಆಗೈತೆ." ನಾಚಿಕೆ ಅನ್ನುವುದು ಆತನ ಮುಖದ ಹತ್ತಿರವೂ ಸುಳಿಯಲಿಲ್ಲ. ಆದರೆ ಏಸಿಯ ಹೊರಗಿನ ಪೆಟ್ಟಿಗೆ ಬೆಳಗಿನಿಂದ ಒಂದು ಸಲವೂ ನಿಂತಿಲ್ಲ ಅಂತ ನಾನು ಹೇಳಿದ ಕೂಡಲೇ ದನಿ ಬದಲಾಯಿತು. "ನಿಲ್ತಾನೇ ಇಲ್ವಾ? ಸೆನ್ಸಾರ್ ಪೋಚ್ಚು, ಕೆಟ್ಟೋಗೈತೆ. ಮೈನ್ ಆಫ್ ಮಾಡಿ ಸ್ಟೂಲ್ ಹತ್ತಮ್ಮಾ."

ಹತ್ತಿದೆ. ಮುಚ್ಚಳ ಎತ್ತಿದೆ, ಎರಡು ಸ್ಕ್ರೂ ಬಿಚ್ಚಿದೆ. "ಬಲಗಡೆ, ಬಲಗಡೆ! ಅದು ಎಡಗಡೆ!" ಅಂತ ಆತ ಅಂಗಳದಿಂದ ಕೂಗುತ್ತಿದ್ದ. ಒಂದು ಸಣ್ಣ ವೈರು, ತುದಿಯಲ್ಲಿ ಹುಣಸೆ ಬೀಜಕ್ಕಿಂತ ಚಿಕ್ಕದೊಂದು ಗುಂಡು. ಇದೇ ಕೋಣೆಯ ಬಿಸಿ ನೋಡಿ, ಸಾಕು ನಿಲ್ಲು ಅಂತ ಏಸಿಗೆ ಹೇಳಬೇಕಾದ್ದು. ಅದನ್ನು ಕಿತ್ತು ಇಳಿಯುವಾಗ ನನ್ನ ಮೊಣಕೈ ಗೋಡೆಗೆ ತಾಗಿತು. ಥರ್ಮಾಮೀಟರ್ ನೆಲಕ್ಕೆ ಬಿದ್ದು ಚೂರಾಯಿತು.

ಅತ್ತೆ ಬೈಯಲಿಲ್ಲ. ಚೂರುಗಳನ್ನು ಗುಡಿಸಿ ಹೊರಗೆ ಹಾಕಿದರು. ಬೈದಿದ್ದರೆ ನಾನೂ ಎರಡು ಮಾತು ಆಡಿ ಹಗುರಾಗುತ್ತಿದ್ದೆ.

ಕುಪ್ಪುಸ್ವಾಮಿ ಜಗಲಿಯ ಮೇಲೆ ಎರಡು ಲೋಟ ಇಡಿಸಿದ. ಒಂದರಲ್ಲಿ ಐಸ್ ನೀರು, ಒಂದರಲ್ಲಿ ಉಗುರುಬೆಚ್ಚಗಿನ ನೀರು. ಮೀಟರ್ ಹಿಡಿದು ಗುಂಡನ್ನು ಅದ್ದಿದ. ಮೀಟರ್ ತೋರಿಸುವುದು ಬಿಸಿಯನ್ನಲ್ಲ, ಕರೆಂಟಿಗೆ ಆ ಗುಂಡು ಒಡ್ಡುವ ತಡೆಯನ್ನು; ಅದು ತಣ್ಣೀರಿನಲ್ಲಿ ಮೂವತ್ತರ ತನಕ ಏರಬೇಕು, ಬಿಸಿನೀರಿನಲ್ಲಿ ಐದಕ್ಕೆ ಇಳಿಯಬೇಕಂತೆ. ಇದು ಎರಡರಲ್ಲೂ ಎಂಟರಲ್ಲೇ ಕೂತಿತ್ತು. "ಐಸಿಗೆ ಆಕಿದ್ರೂ ಸೆಕೆ ಸೆಕೆ ಅಂತಾ ಐತೆ ನೋಡಮ್ಮಾ. ಅದ್ಕೆ ಮೆಷಿನ್ ಓಡ್ತಾನೇ ಐತೆ. ಸೇಲಮ್ಮಿಂದ ಒಸದು ತರ್ತೀನಿ, ಸಾಯಂಕಾಲ ಆಯ್ತದೆ. ಅಲ್ಲೀಗಂಟ ನೀವೇ ಆಕಿ, ನೀವೇ ಆರ್ಸಿ."

ಹೊರಗೆ ಸೆಕೆ ಏರುತ್ತಿತ್ತು. ಏಸಿ ಇಲ್ಲದೆ ಬಿಟ್ಟರೆ ಹುಳು ಬೇಯುತ್ತದೆ, ಓಡುತ್ತಲೇ ಇದ್ದರೆ ನಡುಗುತ್ತದೆ. ನೋಡಲು ಥರ್ಮಾಮೀಟರ್ ಇಲ್ಲ, ಪುಣ್ಯಾತ್ಮಳು ನಾನೇ ಒಡೆದಿದ್ದೆ. ಹಳೇ ಸೆನ್ಸಾರನ್ನೇ ಮತ್ತೆ ಸಿಕ್ಕಿಸಿ ರಿಮೋಟ್ ಹಿಡಿದು ಕೂತೆ. ಅತ್ತೆ ತಟ್ಟೆಗಳ ನಡುವೆ ಮಣೆ ಹಾಕಿ, ಕಣ್ಣು ಮುಚ್ಚಿ, ಎಡಗೆನ್ನೆಯನ್ನು ಹುಳುಗಳ ಮಟ್ಟಕ್ಕೆ ತಂದು, ಉಸಿರು ಹಿಡಿದರು.

"ಆಕು."

ಒತ್ತಿದೆ.

"ಆರ್ಸು."

ಒತ್ತಿದೆ. ಅವರ ಕೆನ್ನೆ, ನನ್ನ ಹೆಬ್ಬೆರಳು. ಹಾಕಿದ ಮೇಲೆ ಮೋಟಾರು ಮೂರು ನಿಮಿಷ ತಡೆದು ಎದ್ದುಕೊಳ್ಳುತ್ತದೆ ಎಂಬುದು ಎರಡೇ ಸಲಕ್ಕೆ ಅವರಿಗೆ ತಿಳಿದುಹೋಯಿತು. ಮೂರನೇ ಸಲದಿಂದ ಮುಂಚಿತವಾಗಿಯೇ "ಆಕು" ಅನ್ನತೊಡಗಿದರು. ಮಧ್ಯಾಹ್ನದ ಊಟವನ್ನೂ ಅಲ್ಲೇ ಬಾಗಿಲಾಚೆ ಸರದಿಯಲ್ಲಿ ಮುಗಿಸಿದೆವು.

ನಾಲ್ಕು ಗಂಟೆಗೆ ಸೊಪ್ಪು ಕೊಯ್ಯಬೇಕಿತ್ತು. ಇಷ್ಟು ಸಣ್ಣ ಹುಳುವಿಗೆ ಯಾವ ಎಲೆ ಅನ್ನುವುದು ಅತ್ತೆಗೊಬ್ಬರಿಗೇ ಗೊತ್ತು. ಬುಟ್ಟಿ ಎತ್ತಿಕೊಂಡು, "ನೀನೇ ನೋಡ್ಕೊ" ಅಂದರು.

"ಅತ್ತೆ, ನಂಗ್ ಗೊತ್ತಾಗಲ್ಲ."

"ನಿಂಗೂ ಕೆನ್ನೆ ಐತಲ್ಲ."

ಹೋಗಿಯೇ ಬಿಟ್ಟರು. ನನಗೆ ನಿಜವಾಗಿ ಹೆದರಿಕೆಯಾಯಿತು. ನಾಲ್ಕು ಮನೆಯ ಬೆಳೆ ನನ್ನ ಹೆಬ್ಬೆರಳ ಕೆಳಗಿತ್ತು. ತಟ್ಟೆಯ ಮಟ್ಟಕ್ಕೆ ಮುಖ ತಂದೆ. ಎರಡು ವರ್ಷ ಇವುಗಳನ್ನು ಶಪಿಸಿದ್ದೆನೇ ಹೊರತು ಸರಿಯಾಗಿ ನೋಡಿಯೇ ಇರಲಿಲ್ಲ. ಅಕ್ಕಿಕಾಳಿನಷ್ಟು ಇದ್ದವು. ಮೊದಲು ನನ್ನ ಬೆವರು ಬಿಟ್ಟರೆ ಏನೂ ತಿಳಿಯಲಿಲ್ಲ. ಸೆರಗಿನಿಂದ ಕೆನ್ನೆ ಒರೆಸಿ, ಉಸಿರು ಹಿಡಿದು ಕಾದೆ. ಒಣಗಿದ ಚರ್ಮಕ್ಕೆ ಸಣ್ಣಗೆ ಚಳಿ ತಾಗಿತು. ಆರಿಸಿದೆ. ಸ್ವಲ್ಪ ಹೊತ್ತಿಗೆ ಕಿವಿಯ ಬುಡ ಬೆಚ್ಚಗಾಗತೊಡಗಿತು. ಮೂರು ನಿಮಿಷದ ಲೆಕ್ಕ ನೆನಪಾಗಿ ಆಗಲೇ ಹಾಕಿದೆ.

ಅತ್ತೆ ಬಂದು ಬುಟ್ಟಿ ಇಳಿಸಿ ಕೆನ್ನೆ ತಿರುಗಿಸಿ ನಿಂತರು. ತಪ್ಪಾಗಿದ್ದರೆ ಅವರ ಬೈಗುಳ ನಲ್ಲಂಪಳ್ಳಿ ಬಸ್‌ಸ್ಟ್ಯಾಂಡಿಗೆ ಕೇಳಿಸುತ್ತಿತ್ತು. ಸೊಪ್ಪು ಸಣ್ಣಗೆ ಹೆಚ್ಚಿ ಉದುರಿಸಿದರು. ಹುಳುಗಳು ನಿಧಾನವಾಗಿ ಎಲೆಯ ಮೇಲೆ ಹತ್ತಿಕೊಂಡವು.

ಸಂಜೆ ಕುಪ್ಪುಸ್ವಾಮಿ ಹೊಸ ಸೆನ್ಸಾರಿನ ಜೊತೆ ಸ್ನಾನವನ್ನೂ ಮಾಡಿಕೊಂಡು ಬಂದ. ಅತ್ತೆ ಮೂಸಿ, "ಸೋಪು" ಅಂತ ಮತ್ತೆ ಅಂಗಳದಲ್ಲೇ ನಿಲ್ಲಿಸಿದರು. ನಾನೇ ಹಾಕಿದೆ. ಅರ್ಧ ಗಂಟೆಗೆ ಮೋಟಾರು ತಾನಾಗಿ ನಿಂತಿತು. ಅತ್ತೆ ಕೆನ್ನೆಯೊಡ್ಡಿ ನೋಡಿ, "ಪರ್ವಾಗಿಲ್ಲ, ಇದ್ಕೂ ಬುದ್ಧಿ ಐತೆ" ಅಂದರು.

ಎರಡನೇ ಜ್ವರಕ್ಕೆ ಹುಳುಗಳೆಲ್ಲ ಒಟ್ಟಿಗೇ ಕೂತು ಒಟ್ಟಿಗೇ ಎದ್ದವು. ನಾಲ್ಕು ಮನೆಯವರೂ ಬಂದು ತಟ್ಟೆ ಹೊತ್ತುಕೊಂಡು ಹೋದರು. ಖಾಲಿ ಕೋಣೆ ತೊಳೆಯುತ್ತ ಅತ್ತೆ, "ನಿಮ್ಮಪ್ಪನ ಏಸಿ ನಿನ್ ರೂಮಿಗೆ ಆಕುಸ್ಕೊಳಮ್ಮ. ಸೆನ್ಸಾರೂ ಒಸದು" ಅಂದರು.

ಎರಡು ವರ್ಷದಿಂದ ಕಾದ ಮಾತು ಅದು. ಆದರೆ ಮುಂದಿನ ಮೊಟ್ಟೆ ಬರಲು ಹತ್ತೇ ದಿನ ಇತ್ತು. "ಇಲ್ಲೇ ಇರ್ಲಿ ಬಿಡಿ ಅತ್ತೆ" ಅಂದೆ. ನನ್ನನ್ನು ದೊಡ್ಡ ಮನಸ್ಸಿನವಳು ಅಂದುಕೊಳ್ಳಬೇಡಿ. ಆ ಕೋಣೆಯ ಮೂಲೆಗೆ ಒಂದು ಮಂಚ ಹಾಕಿಸಿಕೊಂಡಿದ್ದೇನೆ, ಮಧ್ಯಾಹ್ನದ ನಿದ್ದೆ ಈಗ ಅಲ್ಲೇ.

ಒಂದು ವಿಷಯ ಮಾತ್ರ ಮನಸ್ಸಿಗೆ ಚುಚ್ಚುತ್ತಿತ್ತು. ಅವತ್ತೇ ಕೇಳಿಬಿಟ್ಟೆ. "ಅತ್ತೆ, ಥರ್ಮಾಮೀಟರ್ ನಾನೇ ಒಡ್ದಿದ್ದು. ಒಸದು ತರ್ಲಾ?"

ಅತ್ತೆ ಪೊರಕೆ ನಿಲ್ಲಿಸಿ ನನ್ನನ್ನೇ ನೋಡಿದರು.

"ಯಾಕೆ? ನಿನ್ ಕೆನ್ನೆಗೇನಾಗೈತೆ?"