ಸುಟ್ಟ ಗುರುತಿನ ಮೂಟೆ

ಇಸ್ತ್ರಿಯಕ್ಕನ ಬಾಯಿ ಜೋರು ಅಂತ ಬೀದಿಗೆಲ್ಲ ಗೊತ್ತಿತ್ತು. ಅತ್ತೆಯ ಮುಂದೆ ಮಾತ್ರ ಅದು ತುಟಿಪಿಟಕ್ ಅನ್ನುತ್ತಿರಲಿಲ್ಲ. ಗಂಡ ತೀರಿಹೋದ ಮೇಲೆ ಸೊಸೆ ಇಸ್ತ್ರಿ ತಿಕ್ಕುವುದು, ಅತ್ತೆ ಬಟ್ಟೆ ಮಡಿಸುವುದು, ಹೀಗೇ ಸಂಸಾರ ಸಾಗುತ್ತಿತ್ತು. ಅಷ್ಟರಲ್ಲಿ ಎರಡು ಹೊಟ್ಟೆ ತುಂಬುವುದುಂಟೇ? ತುಂಬಿಸುತ್ತಿದ್ದುದು ತಿಂಗಳು ತಿಂಗಳು ಸರ್ಕಾರ ಕೊಡುವ ಅಕ್ಕಿ. "ಯಾವ ಪುಣ್ಯಾತ್ಮರು ಕೊಟ್ಟರೋ, ಅವರ ಹೊಟ್ಟೆ ತಣ್ಣಗಿರಲಿ" ಎಂದು ಅಕ್ಕಿ ತೊಳೆಯುವಾಗಲೆಲ್ಲ ಅವಳು ಹರಸುತ್ತಿದ್ದಳು.

ಹೀಗಿರುವಾಗ ಸುದ್ದಿ ಬಂತು. ಕಚೇರಿಯ ಮೇಡಂ ಮನೆಮನೆಗೆ ಬಂದು ನೋಡುತ್ತಾರಂತೆ, ಅನುಕೂಲವಾಗಿರುವವರಿಗೆ ಅಕ್ಕಿ ನಿಲ್ಲಿಸುತ್ತಾರಂತೆ. ಬೇರೆ ಯಾರಾದರೂ ಆಗಿದ್ದರೆ ಇದ್ದಬದ್ದ ಕಾಳನ್ನೂ ಬಚ್ಚಿಡುತ್ತಿದ್ದರು. ಈ ಬೀದಿಯವರ ರೀತಿಯೇ ಬೇರೆ! ಮನೆಗೆ ಬಂದವರಿಗೆ ಖಾಲಿ ಡಬ್ಬಿ ಕಾಣಿಸಿದರೆ ಇವರ ಮಾನ ಹರಾಜಾಗುತ್ತದೆ. ಆದರೆ ತಿಂಗಳ ಕೊನೆ, ತೋರಿಸಲು ಅಕ್ಕಿಯೆಲ್ಲಿ? ಜ್ವರದಿಂದ ಮಲಗಿದ್ದ ಇಸ್ತ್ರಿಯಕ್ಕ ಆ ಸಲದ ಅಕ್ಕಿಯನ್ನು ತಡವಾಗಿ ತಂದಿದ್ದಳು. ಬೀದಿಗೆಲ್ಲ ಉಳಿದಿದ್ದು ಅವಳ ಮೂಟೆಯೊಂದೇ.

ಉಪಾಯ ಅತ್ತೆಯದು. ಮೇಡಂ ಮೊದಲು ಇಸ್ತ್ರಿಯಕ್ಕನ ಮನೆ ನೋಡಿ ಹೊರಟ ಕೂಡಲೇ ಅತ್ತೆ ಅವರನ್ನು ಬಾಗಿಲಲ್ಲೇ ಮಾತಿಗೆಳೆದರು. ಸೊಸೆ ಹಿತ್ತಲಿನಿಂದ ಮೂಟೆ ಹೊತ್ತು ಪಕ್ಕದ ಮನೆಗೆ ಓಡಿದಳು. ಅಲ್ಲಿಯೂ ಅದೇ ಆಟ. ಮೂರನೆಯದು ಅಂಗಿಗೆ ಗುಂಡಿ ಹೊಲಿದು ಬದುಕುವ ಬಾಣಂತಿಯ ಮನೆ. ಮೂಟೆ ಇಳಿಸಿದ ಇಸ್ತ್ರಿಯಕ್ಕ ಹಿಂಬಾಗಿಲ ಮರೆಯಲ್ಲಿ ಏದುಸಿರು ಬಿಡುತ್ತ ನಿಂತಳು.

"ಪರವಾಗಿಲ್ವೇ, ಚೆನ್ನಾಗೇ ಇದೀರಲ್ಲ. ನಿಮಗೂ ಅಕ್ಕಿ ಬೇಕಾಗಿಲ್ಲ ಬಿಡಿ" ಎಂದರು ಮೇಡಂ.

ಬಾಣಂತಿ ತಲೆ ತಗ್ಗಿಸಿ ಕೂಸನ್ನು ಎದೆಗವಚಿಕೊಂಡಳು. ಮರೆಯಲ್ಲಿದ್ದ ಇಸ್ತ್ರಿಯಕ್ಕನಿಗೆ ಎಲ್ಲ ಕೇಳಿಸಿತು. ಅಯ್ಯೋ, ಈ ತಾಯಿ ಮಗುವಿನ ಅನ್ನಕ್ಕೆ ಕಲ್ಲು ಹಾಕಿದ್ದು ತಾನೇ! ಅತ್ತೆ ಏನಾದರೂ ಅನ್ನಲಿ ಎಂದು ಅವಳು ಒಳಗೆ ನುಗ್ಗಿದಳು.

"ಮೇಡಂ, ಈ ಸುಟ್ಟ ಗುರುತು ನೋಡಿ. ನನ್ನ ಇಸ್ತ್ರಿ ಪೆಟ್ಟಿಗೆ ತಾಗಿದ್ದು. ಆಗ್ಲೇ ಎರಡು ಮನೇಲಿ ನೀವು ನೋಡಿದ್ದೂ ಇದೇ ಮೂಟೆ. ಇಡೀ ಬೀದೀಲಿ ಇರೋದು ಇದೊಂದೇ, ಇದೂ ನೀವು ಕೊಟ್ಟಿದ್ದೇ. ನಾಚಿಕೆಗೆ ಬಿದ್ದು ನಾಟಕ ಆಡಿದ್ವಿ. ನಿಮ್ಮ ದಮ್ಮಯ್ಯ, ಅಕ್ಕಿ ನಿಲ್ಲಿಸ್ಬೇಡಿ. ಬಾಣಂತಿ ಉಪವಾಸ ಇದ್ರೆ ಕೂಸಿಗೆ ಹಾಲೆಲ್ಲಿಂದ ಬರುತ್ತೆ?"

ಅಷ್ಟರಲ್ಲಿ ಅತ್ತೆ ಬಾಗಿಲಿಗೆ ಬಂದಿದ್ದರು. ಇನ್ನು ಸೊಸೆಯ ಗ್ರಹಚಾರ ಬಿಡಿಸುತ್ತಾರೆ ಎಂದುಕೊಂಡರು ಎಲ್ಲರೂ. ಮುದುಕಿ ಕೂಸಿನ ಕಡೆ ಒಮ್ಮೆ ನೋಡಿದರು. ನೇರ ಒಳಗೆ ಹೋಗಿ ಬಾಣಂತಿಯ ಡಬ್ಬಿ ತಂದು ಮೇಡಂ ಮುಂದೆ ಬೋರಲು ಹಾಕಿದರು. ಒಂದು ಕಾಳೂ ಬೀಳಲಿಲ್ಲ.

"ನನ್ನ ಸೊಸೆ ಹೇಳಿದ್ದು ನಿಜ ಕಣಮ್ಮ. ನಾನೇ ಮೂಟೆ ಹೊರಿಸಿದ್ದು."

ಮೇಡಂ ಬಗ್ಗಿ ಖಾಲಿ ಡಬ್ಬಿಯನ್ನು ನೆಟ್ಟಗೆ ನಿಲ್ಲಿಸಿದರು. ಆಮೇಲೆ, "ನಡೀರಿ, ಮೊದಲನೇ ಮನೆಯಿಂದ ಮತ್ತೆ ನೋಡ್ತೀನಿ" ಎಂದರು. ಈ ಸಲ ಬೀದಿಯುದ್ದಕ್ಕೂ ಡಬ್ಬಿಗಳ ಮುಚ್ಚಳ ತೆರೆದೇ ಇದ್ದವು. ಯಾರ ಅಕ್ಕಿಯೂ ನಿಲ್ಲಲಿಲ್ಲ.

ಅಂದಿನಿಂದ ಮೇಡಂ ಯಾವ ಬೀದಿಗೆ ಹೋಗುವುದಿದ್ದರೂ ಅವರಿಗಿಂತ ಮುಂಚೆ ಇಸ್ತ್ರಿಯಕ್ಕ ಅಲ್ಲಿರುತ್ತಾಳೆ. "ಹಸಿವು ಮುಚ್ಚಿಡ್ಬೇಡ್ರೇ, ಬಾಯಿಬಿಟ್ಟು ಕೇಳಿ!" ಎಂದು ಮನೆಮನೆಗೂ ಹೇಳುತ್ತಾಳೆ.

ಮುಂದಿನ ತಿಂಗಳ ಅಕ್ಕಿ ಬಂದ ದಿನ ಅತ್ತೆಯೇ ಒಲೆ ಹಚ್ಚಿದ್ದರು. ಯಾವಾಗಲೂ ಕೊನೆಗೆ ಉಣ್ಣುವ ಸೊಸೆಯನ್ನು ಕೈಹಿಡಿದು ಕೂರಿಸಿ, ತಟ್ಟೆ ತುಂಬ ಬಿಸಿ ಅನ್ನ ಬಡಿಸಿದರು.

"ಅತ್ತೆ, ಮೊದಲು ನೀವು..."

"ಸುಮ್ನೆ ತಿನ್ನೇ" ಎಂದರು ಅತ್ತೆ. "ಇವತ್ತು ಹರಸೋ ಸರದಿ ನಂದು."