ಸದಾನಂದ ತೆಗೆದ ರಾಕೆಟ್ಟಿನ ಫೋಟೋ

ಆ ಮೂರು ದಿನ ಸದಾನಂದನಿಗೆ ಲೋಕದಲ್ಲಿ ಇದ್ದದ್ದು ಒಬ್ಬನೇ ಶತ್ರು: ಮೋಡ. ಅದು 1957ರ ಅಕ್ಟೋಬರ್. ಮಳೆಗಾಲ ಮುಗಿಯಿತೆಂದು ಮುಂಬಯಿಯ ಪರೇಲಿನಲ್ಲಿ ಅವನಿದ್ದ ಚಾಳಿನವರೆಲ್ಲ ಕೊಡೆ ಮಡಚಿಟ್ಟಿದ್ದರು. ಆದರೆ ಸಂಜೆಯಾಗುತ್ತಲೇ ಸಮುದ್ರದ ಕಡೆಯಿಂದ ಮೋಡ ಎದ್ದು ಬಂದು, ಗಿರಣಿಗಳ ಹೊಗೆಯ ಜೊತೆ ಸೇರಿ ಆಕಾಶವನ್ನು ಮುಚ್ಚಿಬಿಡುತ್ತಿತ್ತು. ರಷ್ಯಾದವರ ಸ್ಪುಟ್ನಿಕ್ಕನ್ನು ಮೇಲಕ್ಕೆ ಹೊತ್ತೊಯ್ದ ರಾಕೆಟ್ಟು ಭೂಮಿಯನ್ನು ಸುತ್ತುತ್ತಿದೆ, ಮೂರು ಸಂಜೆ ಮುಂಬಯಿಯ ಮೇಲೆ ಹಾಯುತ್ತದೆ, ಬರಿಗಣ್ಣಿಗೇ ಕಾಣುತ್ತದೆ ಎಂದು ಪತ್ರಿಕೆಯಲ್ಲಿ ಬಂದಿತ್ತು. ಎರಡು ಸಂಜೆ ಕಳೆದುಹೋಗಿದ್ದವು. ಕಂಡದ್ದು ಮೋಡ ಮಾತ್ರ.

ಉಡುಪಿಯ ಕಡೆಯಿಂದ ಬಂದ ಸದಾನಂದ ದಾದರಿನ ಒಂದು ಸ್ಟುಡಿಯೋದಲ್ಲಿ ಹದಿನಾಲ್ಕು ವರ್ಷದಿಂದ ಫೋಟೋಗ್ರಾಫರ್. ಮದುವೆ, ನಾಮಕರಣ, ವರನ ಕಡೆಯವರಿಗೆ ಕಳಿಸುವ ಹುಡುಗಿಯರ ಫೋಟೋ, ಎಲ್ಲ ಅವನೇ ತೆಗೆಯಬೇಕು. ಒಂದೊಂದರ ಹಿಂದೆಯೂ ಬೀಳುವುದು ಮಾಲೀಕರ ಹೆಸರಿನ ಮೊಹರು. ಇದನ್ನು ನೋಡಿದಾಗಲೆಲ್ಲ ಅವನ ಹೊಟ್ಟೆ ಉರಿಯುತ್ತಿತ್ತು. ಈಗ, ಕನ್ನಡ ಮಾಸಪತ್ರಿಕೆ ನಡೆಸುವ ರಮಾನಾಥ ರಾಯರು ರಾಕೆಟ್ಟಿನ ಫೋಟೋ ಸಿಕ್ಕಿದರೆ ಮುಖಪುಟಕ್ಕೆ ಹಾಕಿ ಕೆಳಗೆ ಅವನ ಹೆಸರು ಅಚ್ಚು ಮಾಡುತ್ತೇನೆಂದು ಮಾತು ಕೊಟ್ಟಿದ್ದರು. ಆ ಒಂದು ಹೆಸರಿಗಾಗಿ ಮನುಷ್ಯನಿಗೆ ಊಟ ಸೇರುತ್ತಿರಲಿಲ್ಲ.

ಮಾಲೀಕರು ಪುಣೆಗೆ ಹೋದದ್ದೇ ತಡ, ಸ್ಟುಡಿಯೋದ ದೊಡ್ಡ ಪ್ಲೇಟ್ ಕ್ಯಾಮೆರಾವನ್ನು ಚಾದರದಲ್ಲಿ ಸುತ್ತಿ ಚಾಳಿಗೆ ತಂದಿದ್ದ. ಯಾರಿಗೂ ಹೇಳಿರಲಿಲ್ಲ, ಸ್ಟುಡಿಯೋದಲ್ಲಿ ಪಕ್ಕದಲ್ಲೇ ಕೂರುವ ನೀಲಕಂಠಪ್ಪನಿಗೂ. ಧಾರವಾಡದ ಆ ಮುದುಕ ಗಾಜಿನ ನೆಗೆಟಿವ್‌ಗಳನ್ನು ಬೆಳಕಿಗೆ ಹಿಡಿದು, ಪೆನ್ಸಿಲು ಮತ್ತು ಬ್ಲೇಡಿನ ತುದಿಯಿಂದ ಮದುಮಗಳ ಮೊಡವೆ, ಬೀಗರ ಸಿಡುಬಿನ ಕಲೆ, ಗಾಜಿನ ಗೀರು ಎಲ್ಲವನ್ನೂ ಮಾಯ ಮಾಡುವವನು. ಕೈ ಬಂಗಾರ, ಬಾಯಿ ಸಡಿಲ. ಗುಟ್ಟು ಮಾಲೀಕರಿಗೆ ಮುಟ್ಟೀತೆಂದು ಸದಾನಂದನಿಗೆ ಹೆದರಿಕೆ.

ಮೂರನೆಯ ಸಂಜೆ ಐದಕ್ಕೇ ಅವನು ಚಾಳಿನ ತಾರಸಿಯ ಮೇಲಿದ್ದ. ಸ್ಟ್ಯಾಂಡನ್ನು ಈ ಮೂಲೆಯಲ್ಲಿ ನಿಲ್ಲಿಸಿದ, ಆ ಮೂಲೆಗೆ ಒಯ್ದ, ಮತ್ತೆ ಇಲ್ಲಿಗೇ ತಂದ. ಲೆನ್ಸ್ ಒರೆಸಿದ. ಒರೆಸಿದ್ದನ್ನೇ ಮತ್ತೆ ಒರೆಸಿದ. ಆರು ಗಂಟೆಗೆ ನಾಲ್ಕು ಹನಿ ಬಿದ್ದವು. ಕ್ಯಾಮೆರಾಕ್ಕೆ ಚಾದರ ಹೊದಿಸಿ, ಅದನ್ನು ತಬ್ಬಿಕೊಂಡು ನಿಂತ.

ಒಣಗಿದ ಬಟ್ಟೆ ತೆಗೆಯಲು ಬಂದ ಹೆಂಡತಿ ವಾರಿಜಾ ನಕ್ಕಳು. "ನನಗೆ ಜ್ವರ ಬಂದಾಗ ಹೀಗೆ ಹೊದಿಸಿದ್ದು ಉಂಟಾ ನೀವು?"

"ಸುಮ್ಮನಿರು ಮಾರಾಯ್ತಿ. ಗಾಳಿ ಯಾವ ಕಡೆಯದ್ದು ನೋಡು."

"ಮೋಡ ಹರಿಯುತ್ತಾ ಉಂಟು. ಸ್ವಲ್ಪ ತಾಳಿ."

ತಾಳುವುದು ಎಲ್ಲಿಂದ? ಆರೂ ನಲವತ್ತಕ್ಕೆ ರಾಕೆಟ್ಟು. ಆರೂ ಮೂವತ್ತಾರಕ್ಕೂ ಆಕಾಶ ಮುಚ್ಚಿಯೇ ಇತ್ತು. ಅವನು ಮೋಡಕ್ಕೆ ತುಳುವಿನಲ್ಲಿ ಬೈದ, ರಷ್ಯಾದವರಿಗೆ ಬೈದ, ಕೊನೆಗೆ ತನಗೇ ಬೈದುಕೊಂಡ. ಅಷ್ಟರಲ್ಲಿ ಗಿರಣಿಯ ಎರಡು ಚಿಮಣಿಗಳ ನಡುವೆ ಮೋಡ ಬಿರಿಯಿತು. ಸದಾನಂದ ಲೆನ್ಸಿನ ಮುಚ್ಚಳ ತೆಗೆದ. ಒಂದು ಬೆಳಕಿನ ಚುಕ್ಕಿ, ಅವಸರವಿಲ್ಲದೆ, ಸದ್ದಿಲ್ಲದೆ, ಆ ಬಿರುಕಿನಲ್ಲಿ ನೆಟ್ಟಗೆ ನಡೆದುಹೋಯಿತು. ಅದು ಮರೆಯಾದ ಮೇಲೆ ಮುಚ್ಚಳ ಹಾಕುವಾಗ ಅವನಿಗೆ ಅಳು ಬಂತು.

ಅಂದೇ ಸ್ಟುಡಿಯೋಕ್ಕೆ ಓಡಿ ಗಾಜಿನ ಪ್ಲೇಟನ್ನು ರಸಾಯನದಲ್ಲಿ ತೊಳೆದ. ಚಿಮಣಿಗಳ ನಡುವೆ, ಚುಕ್ಕಿ ಹಾದುಹೋದ ಜಾಡಿನಲ್ಲಿ, ಕೂದಲೆಳೆಯಂಥ ಗೆರೆ ಸ್ಪಷ್ಟವಾಗಿ ಮೂಡಿತ್ತು. ಮದುವೆಯ ಪ್ಲೇಟುಗಳ ಸಾಲಿನಲ್ಲೇ ಅದನ್ನೂ ಒಣಗಲು ಇಟ್ಟ. ಬೆಳಿಗ್ಗೆ ಎದ್ದವನೇ ರಾಯರ ಮನೆಗೆ ಹೋಗಿ ಸುದ್ದಿ ಹೇಳಿದ. ರಾಯರು ಹತ್ತು ಗಂಟೆಗೆ ತಾವೇ ಬರುತ್ತೇನೆಂದರು.

ಅಲ್ಲಿಂದ ಸ್ಟುಡಿಯೋಕ್ಕೆ ಬಂದರೆ, ನೀಲಕಂಠಪ್ಪ ಆ ಪ್ಲೇಟನ್ನೇ ಕಿಟಕಿಗೆ ಹಿಡಿದು ಕೂತಿದ್ದ.

"ಯಾವ ಗಿರಣಿಯವರದೋ ಇದು? ಆಕಾಶದಾಗ ಇಷ್ಟುದ್ದ ಗೀರು ಬಿದ್ದಿತ್ತು ನೋಡಪಾ. ಸಾಹುಕಾರ್ರು ನಿನಗ ಬೈತಾರಂತ ಹೆರದು ತೆಗದೀನಿ. ಗುರುತ ಸೈತ ಉಳದಿಲ್ಲ."

ಗುರುತೂ ಉಳಿದಿರಲಿಲ್ಲ. ಅದು ಏನೆಂದು ಸದಾನಂದ ತಡೆದು ತಡೆದು ಹೇಳಿದ. ಮುದುಕನ ಮುಖ ಬಿಳಚಿತು.

"ಅಯ್ಯ ಶಿವನ! ನನಗ ಒಂದ್ ಮಾತ ಹೇಳಬಾರ್ದಾಗಿತ್ತೇನೋ?" ಎಂದವನು ಪೆನ್ಸಿಲು ಮಸೆಯತೊಡಗಿದ. "ಎಲ್ಲಿತ್ತು ಅಂತ ಕಣ್ಣಾಗ ಐತಿ. ತಡಿ, ಹಂಗ ಕೂಡಸ್ತೀನಿ."

ಬೇಡ ಎನ್ನುವ ಮನಸ್ಸು ಸದಾನಂದನಿಗೆ ಇರಲಿಲ್ಲ. ಹತ್ತು ನಿಮಿಷದಲ್ಲಿ ಗೆರೆ ಮೂಡಿತು. ಅದೇ ಓರೆ, ಅದೇ ತೆಳುವು, ಎಲ್ಲಿಯೂ ಕೈ ನಡುಗಿಲ್ಲ. ನಿನ್ನೆ ಕಣ್ಣಾರೆ ಕಂಡ ತನಗೇ ವ್ಯತ್ಯಾಸ ಗೊತ್ತಾಗುತ್ತಿಲ್ಲ, ಇನ್ನು ರಾಯರಿಗೆ ಗೊತ್ತಾಗುತ್ತದೆಯೇ? ಮುಖಪುಟ, ಅಡಿಯಲ್ಲಿ ತನ್ನ ಹೆಸರು. ಹದಿನಾಲ್ಕು ವರ್ಷ ತನ್ನ ಕೆಲಸದ ಮೇಲೆ ಬೇರೆಯವರ ಹೆಸರು ಬಿತ್ತೆಂದು ಉರಿದುಕೊಂಡವನು ಈಗ ಬೇರೆಯವರ ಕೆಲಸದ ಮೇಲೆ ತನ್ನ ಹೆಸರು ಹಾಕಿಸಿಕೊಳ್ಳುವುದೇ? ನಾಚಿಕೆಯಾಯಿತು. ಆದರೂ ಆಸೆ ಹೋಗಲಿಲ್ಲ.

ಅಷ್ಟರಲ್ಲಿ ರಾಯರು ಮೆಟ್ಟಿಲು ಹತ್ತಿ ಬಂದರು. "ಎಲ್ಲಿ ಮಾರಾಯ, ತೋರಿಸು!"

ನೀಲಕಂಠಪ್ಪ ತಲೆ ತಗ್ಗಿಸಿದ. ಸದಾನಂದ ಪ್ಲೇಟನ್ನು ಬೆನ್ನ ಹಿಂದೆ ಹಿಡಿದ.

"ಹಾಳಾಯಿತು ರಾಯರೇ. ಒದ್ದೆ ಇದ್ದಾಗಲೇ ನನ್ನ ಕೈ ತಾಗಿತು."

"ಥತ್! ಹದಿನಾಲ್ಕು ವರ್ಷದ ಕೈಯಾ ಇದು?" ರಾಯರು ನಿಂತ ಕಾಲಿನಲ್ಲೇ ತಿರುಗಿ ಹೋದರು.

ಮುಂದೆ ದಾದರಿನ ಕನ್ನಡದವರ ನಡುವೆ ಅವನು 'ರಾಕೆಟ್ ಹಾಳುಮಾಡಿದ ಸದಾನಂದ' ಎಂದೇ ಹೆಸರಾದ. ಯಾರಾದರೂ ಹಾಗೆ ಕರೆದರೆ ಓಗೊಡುತ್ತಿದ್ದ.